ತೊಟ್ಟಿಲ ಕೊಂಡಿಯ ದೀಪ

"ಇವತ್ತು ಸಂಜೀಕ ನಮ್ಮ ನಡುಮನಿಯೊಳಗ ಇಂದ್ರನ ಸಭಾದಂಥಾ ಬೆಳಕು! ಅದೂ ಪೈಸೆ ಖರ್ಚಿಲ್ಲದ!"

ಅಣ್ಣಿಗೇರಿಯ ಮಡಿವಾಳೆಪ್ಪನವರು ಚಹಾದ ಬಟ್ಟಲು ಎತ್ತಿ ಹಿಡಿದು ಹೀಗೆ ಘೋಷಿಸಿದಾಗ ಹೆಂಡತಿ ಅನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಹೈಸ್ಕೂಲಿನ ಗುಮಾಸ್ತರಾದ ಅವರು ಮಗಳು ರೋಹಿಣಿಯ ಮದುವೆ ಮಾಡಿ ಎರಡೇ ತಿಂಗಳಾಗಿತ್ತು. ಮನೆಯಲ್ಲಿ ಉಳಿದದ್ದು ಆಹೇರಿ ಉಡುಗೊರೆಯಾಗಿ ಬಂದ ಟವೆಲ್ಲುಗಳು ಮಾತ್ರ! ಅಂದು ಸಂಜೆ ಬೀಗರು ಕುಂದಗೋಳದಿಂದ ಮಗ-ಸೊಸೆಯನ್ನು ಕರೆದುಕೊಂಡು ಮೊದಲ ಸಲ ಊಟಕ್ಕೆ ಬರುವವರಿದ್ದರು. ನಡುಮನೆಯಲ್ಲೋ, ಮುಖ ಕಂಡರೆ ಮೂಗು ಕಾಣದಂಥ ಒಂದು ಬಲ್ಬು.

"ಹಿಂದ ಫ್ಯಾನ್ ರಿಪೇರಿ ಮಾಡಿದ್ರಿ," ಅಂದಳು ಅನ್ನವ್ವ. "ಅದು ಇನ್ನೂ ಗಾಳಿ ಮ್ಯಾಲಕ್ಕ ಒಗೀತೈತಿ. ಜಂತಿಯೊಳಗಿನ ಗುಬ್ಬಿಗೆ ನೆಗಡಿ ಆಗೇತಿ!"

"ಬೀಗರ ಊಟ ಮುಗಿಯೂತನಕ ನಾ ಮಾಡಿದ ದೀಪ ಉರೀಲಿಲ್ಲಂದ್ರ ನನ್ನ ಹತ್ಯಾರದ ಚೀಲ ಅಟ್ಟಕ್ಕ!"

"ಮಾತಂದ್ರ ಮಾತು?"

"ಮಾತು!"

ಮೂವತ್ತು ವರ್ಷ ಜೋಪಾನ ಮಾಡಿದ ಇಕ್ಕಳ-ಸುತ್ತಿಗೆಯ ಚೀಲ ಅದು. ಆದರೆ ಮಹಾಶಿಲ್ಪಿಗಳು ಹಿಂದೆ ಸರಿಯುತ್ತಾರೆಯೇ?

ಓಣಿಯ ಗಣಪತಿ ಮಂಟಪದಲ್ಲಿ ಉಳಿದ ಎಲ್‌ಇಡಿ ಪಟ್ಟಿಯ ತುಂಡುಗಳು ಬಂದವು. ಸತ್ತ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಬಂತು. ಬೆಸುಗೆ ಹಾಕಿಸಲು ದುಡ್ಡು ಯಾಕೆ? ವಾಯರುಗಳನ್ನು ಹುರಿ ಹೊಸೆದಂತೆ ಹೊಸೆದು, ಗಾಯಕ್ಕೆ ಹಚ್ಚುವ ಪಟ್ಟಿ ಸುತ್ತಿದರು. ಇಷ್ಟಕ್ಕೆಲ್ಲ ಒಂದು ಘನವಾದ ಗೂಡು ಬೇಕಲ್ಲ? ಅಡಿಗೆಮನೆಯಿಂದ ದೊಡ್ಡ ಬಿದಿರಿನ ಬುಟ್ಟಿಯೊಂದು ಸದ್ದಿಲ್ಲದೆ ಮಾಯವಾಯಿತು!

ತೂಗುಹಾಕಲು ಜಂತಿಯಲ್ಲಿ ಹೇಳಿ ಮಾಡಿಸಿದಂಥ ಜಾಗವಿತ್ತು: ರೋಹಿಣಿಯ ತೊಟ್ಟಿಲು ಕಟ್ಟಿದ್ದ ಕಬ್ಬಿಣದ ಕೊಂಡಿ. ಬುಟ್ಟಿ ಅಲ್ಲಿ ತೂಗಿತು. ಬುಟ್ಟಿಗೇ ಕಟ್ಟಿದ, ಹಗ್ಗ ಎಳೆದರೆ ಹತ್ತುವ ಹಳೇ ಸ್ವಿಚ್ಚಿಗೆ ಉದ್ದನೆಯ ಹಗ್ಗ ಇಳಿಬಿತ್ತು. ಉದ್ಘಾಟನೆಯವರೆಗೂ ಗುಟ್ಟಾಗಿರಲೆಂದು ಮೇಲೊಂದು ಇಳಕಲ್ ಸೀರೆ ಹೊದಿಸಿದರು.

ಮೊಸರು ಕೇಳಲು ಬಂದ ಬಾಜೂಮನೆ ಫಕೀರವ್ವ ಬಾಗಿಲಲ್ಲೇ ನಿಂತಳು. ತೊಟ್ಟಿಲ ಕೊಂಡಿ. ಸೀರೆ. ಹಗ್ಗ. ಚೊಚ್ಚಲ ಬಾಣಂತನವೆಂದರೆ ತವರುಮನೆಯದು! ಮೊಸರು ಮರೆತು ಮನೆಗೆ ಓಡಿದಳು. ಅವಳ ತವರು ಯಾವುದೆಂದಿರಿ? ಕುಂದಗೋಳ! ಕೈಯಲ್ಲಿ ಮೊಬೈಲ್ ಬೇರೆ!

ಸಂಜೆ ಬೀಗತಿ ತಾಯವ್ವ ಹೊಸ್ತಿಲು ದಾಟಿದ್ದು ಬಸುರಿಗೆ ಕೊಡುವ ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಉಂಡಿಗಳೊಂದಿಗೆ. ಮುಖ ಮಾತ್ರ ಗಡಿಗೆಯಷ್ಟು ದಪ್ಪ.

"ಅಲ್ರಿ ಬೀಗರ, ಸೊಸಿ ಬಸರಾದ ಸುದ್ದಿ ನಮಗ ಓಣಿ ಮಂದಿ ಹೇಳಬೇಕೇನ್ರಿ? ಕೇಳಿದ್ರ ಈಕೀನೂ ಇಲ್ಲಂತಾಳ. ಇಲ್ಲಿ ನೋಡಿದ್ರ ತೊಟ್ಟಿಲಾ ಕಟ್ಟೀರಿ!"

"ಅಪ್ಪಾ!" ರೋಹಿಣಿಯ ಮುಖ ಕೆಂಪು ಮೆಣಸಿನಕಾಯಿ. "ಏನ್ ಮಾಡೀಯಪಾ ಇದು?"

"ತೊಟ್ಟಿಲಲ್ರೀ ಯವ್ವಾ! ದೀಪ! ನಾನ ಮಾಡಿದ ದೀಪ!" ಎಂದು ಮಡಿವಾಳೆಪ್ಪನವರು ಸೀರೆ ಎಳೆದೊಗೆದರು.

"ಅಯ್ಯ! ನನ್ನ ರೊಟ್ಟಿ ಬುಟ್ಟಿ!" ಎಂದು ಅನ್ನವ್ವ ಚೀರಿದಳು. "ಹೊತ್ತೇರಿದಾಗಿಂದ ಹುಡುಕಾಕತ್ತೀನಿ!"

ಮಡಿವಾಳೆಪ್ಪನವರು ಹಳೇ ಬಲ್ಬು ಆರಿಸಿ ಹಗ್ಗ ಎಳೆದರು. ಝಗ್! ಬಿದಿರಿನ ಸಂದಿಸಂದಿಯಿಂದ ಬೆಳಕು ಗೋಡೆ ತುಂಬ ಚುಕ್ಕಿ ಚೆಲ್ಲಿತು. ತಾಯವ್ವನ ಸಿಟ್ಟೂ ಬಾಯಿ ತೆರೆದು ನಿಂತಿತು. ಎಲ್ಲರೂ ಎಲೆಯ ಮುಂದೆ ಕುಳಿತರು. ಬುಟ್ಟಿಯ ತೂಗಾಟ ಮೆಲ್ಲಗೆ ನಿಂತಿತು.

ದೀಪವೂ ಆರಿತು.

ಕತ್ತಲಲ್ಲಿ ಅನ್ನವ್ವನ ದನಿ: "ಚೀಲ ಎಲ್ಲೈತ್ರಿ?"

ಮಡಿವಾಳೆಪ್ಪನವರು ಗಾಬರಿಯಲ್ಲಿ ಹಗ್ಗ ಜಗ್ಗಿದರು. ಬುಟ್ಟಿ ತೂಗಿತು, ದೀಪ ಹತ್ತಿತು! ಕೈ ಬಿಟ್ಟರು, ಆರಿತು! ಹೊಸೆದ ವಾಯರು ತೂಗಿದರೆ ಮಾತ್ರ ಒಂದನ್ನೊಂದು ಮುಟ್ಟುತ್ತಿತ್ತು!

"ತೂಗ್ರಿ ಬೀಗರ, ತೂಗ್ರಿ!" ತಾಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೂಸು ಅಳಾಕತ್ತೇತಿ!"

ಬದನೆಕಾಯಿ ಎಣಗಾಯಿಯಿಂದ ಹಿಡಿದು ಮಜ್ಜಿಗೆಯತನಕ ಮಡಿವಾಳೆಪ್ಪನವರು ಹಗ್ಗ ಹಿಡಿದು ನಿಂತೇ ಇದ್ದರು. ತೂಗಿದಾಗೊಮ್ಮೆ ಬುಟ್ಟಿಯಿಂದ ಹಳೇ ರೊಟ್ಟಿಚೂರು ಉದುರಿ ಬೀಗರ ತಲೆಯ ಮೇಲೆ ಪುಷ್ಪವೃಷ್ಟಿಯಾಯಿತು. ರೋಹಿಣಿ ನಗು ತಡೆಯಲಾರದೆ ಗಂಡನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು.

ಊಟ ಮುಗಿಯಿತು. ಮಡಿವಾಳೆಪ್ಪನವರು ಬೆವರೊರೆಸಿಕೊಂಡು, ಸೋತ ಕೈಯನ್ನೇ ಎತ್ತಿ ಹೇಳಿದರು: "ನೋಡಿದೇನು? ದೀಪ ಉರೀತು! ಗೆದ್ದೆ!"

"ಗೆದ್ರಿ ಬಿಡ್ರಿ," ಅಂದಳು ಅನ್ನವ್ವ. "ರೋಹಿಣಿ ಸಣ್ಣಾಕಿದ್ದಾಗ ತೊಟ್ಟಿಲ ಹಗ್ಗ ಒಂದ ಸಲಾನೂ ಮುಟ್ಟಲಿಲ್ಲ, ಕೈ ನೋಯ್ತಾವಂದ್ರಿ. ಈಗ ರೊಟ್ಟಿ ಬುಟ್ಟಿ ತೂಗೀರಿ!"

ಮಡಿವಾಳೆಪ್ಪನವರು ಚೀಲವನ್ನು ತಾವೇ ಅಟ್ಟಕ್ಕೇರಿಸಿದರು.

ಹೊರಡುವಾಗ ತಾಯವ್ವ ತಾನು ತಂದ ಹಸಿರು ಸೀರೆಯನ್ನು ಮರಳಿ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಅನ್ನವ್ವನ ಕೈಗೇ ಕೊಟ್ಟಳು.

"ಇಟ್ಟಿರ್ರಿ ಬೀಗತಿ, ಇವತ್ತಲ್ಲ ನಾಳೆ ಬೇಕಾಗತೈತಿ. ತೂಗಾಕ ಮಾತ್ರ ಬ್ಯಾರೆ ಯಾರನ್ನೂ ಹುಡುಕಬ್ಯಾಡ್ರಿ. ಬೀಗರ ಕೈ ಅಗದಿ ಪಳಗೇತಿ!"