ಪಿಸ್ತೂಲಿನ ಬಾಯಲ್ಲಿ ಅಕ್ಷತೆ

ಸಣ್ಣ ಸಣ್ಣ ತೂತುಗಳೊಳಗೆ ಇಣುಕಿ ನೋಡುವುದೇ ನನ್ನ ಹೊಟ್ಟೆಪಾಡು. ತಪ್ಪು ತಿಳಿಯಬೇಡಿ, ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ತಮಿಳು ಸೀಮೆಯ ಕೀಲ್ಪಾಕ್‌ನಲ್ಲಿ ಕ್ಲಿನಿಕ್ಕು. ಮಕ್ಕಳ ಮೂಗಿನಿಂದ ಬಟಾಣಿ, ಹುಣಸೆಬೀಜ, ಶರ್ಟಿನ ಗುಂಡಿ, ದೊಡ್ಡವರ ಕಿವಿಯಿಂದ ಬೆಂಕಿಕಡ್ಡಿಯ ತುದಿ, ಹತ್ತಿ, ಒಮ್ಮೆ ಇಡೀ ಒಂದು ಬೆಳ್ಳುಳ್ಳಿ ಎಸಳು, ಇವೆಲ್ಲ ತೆಗೆದಿದ್ದೇನೆ. ಬೆಳ್ಳುಳ್ಳಿಯ ಯಜಮಾನರು ನಾಳೆ ಮತ್ತೆ ಇಟ್ಟುಕೊಳ್ಳಬೇಕೆಂದು ಅದನ್ನು ವಾಪಸ್ಸು ಕೇಳಿದರು. ಇಂಥ ನಾನು ಮನೆಯಲ್ಲೇ ಇದ್ದ ಒಂದು ತೂತಿನೊಳಗೆ ಹದಿನೆಂಟು ವರ್ಷ ಕಣ್ಣು ಹಾಯಿಸಲಿಲ್ಲ ಎಂಬುದನ್ನು ನಿಮ್ಮಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅದು ನಮ್ಮಪ್ಪನಿಂದ ಬಂದ ಪಿಸ್ತೂಲು. ವಕೀಲರಾಗಿದ್ದ ಅಜ್ಜನಿಗೆ ಯಾರೋ ಜಮೀನ್ದಾರರು ಕೇಸು ಗೆದ್ದ ಸಂತೋಷಕ್ಕೆ ಕೊಟ್ಟದ್ದಂತೆ. ಜರ್ಮನಿಯದು, ಮೊದಲ ಮಹಾಯುದ್ಧಕ್ಕಿಂತ ಹಳೆಯದು. ನೋಡಿದವರು ಪಿಸ್ತೂಲೆಂದು ಒಪ್ಪುವುದೇ ಕಷ್ಟ. ಗುಂಡು ತುಂಬುವ ಜಾಗ ಹಿಡಿಯೊಳಗಿಲ್ಲ, ಬೆರಳಲ್ಲಿ ಎಳೆಯುವ ಕುದುರೆಯ ಮುಂದೆ ಪೆಟ್ಟಿಗೆಯಂತೆ ಜೋತುಬಿದ್ದಿದೆ. ಹಿಡಿಯೋ ಪೊರಕೆಯ ಹಿಡಿಯಂತೆ ದುಂಡಗೆ. ಅದನ್ನಿಡುವ ಮರದ ಕವಚವನ್ನೇ ಹಿಡಿಯ ಹಿಂದೆ ಸಿಕ್ಕಿಸಿದರೆ ಸಣ್ಣ ಬಂದೂಕಾಗುತ್ತದೆ. ಈರುಳ್ಳಿಯನ್ನೂ ಏಕಾದಶಿಯ ದಿನ ಮುಟ್ಟದ ನಮ್ಮ ಮನೆಯಲ್ಲಿ ಇದು ಮೂರು ತಲೆಮಾರು ಒಂದು ಇಲಿಯನ್ನೂ ಕೊಲ್ಲದೆ ಕುಳಿತಿತ್ತು. ಹದಿನೆಂಟು ವರ್ಷದ ಹಿಂದೆ ಅಪ್ಪ ಹೋದಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ನಾನು ಮಾಡಿದ್ದು ಲೈಸೆನ್ಸು ನವೀಕರಿಸಿದ್ದು ಮತ್ತು ಬಂದವರಿಗೆ ತೋರಿಸಿದ್ದು, ಅಷ್ಟೇ.

ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಆ ಕಾಲದಲ್ಲಿ, ಮೊಬೈಲು ಫೋನು ಇನ್ನೂ ಇಟ್ಟಿಗೆಯಷ್ಟಿದ್ದಾಗ, ಚುನಾವಣೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿ ಸಲವೂ ಅಮ್ಮ ಬಾಗಿಲವರೆಗೆ ಬಂದು, "ಚಪ್ಪಲಿ ಬಿಡೋ ಕಡೆ ಇಡಬೇಡಿ ಅಂತ ಆ ಇನ್ಸ್‌ಪೆಕ್ಟರಿಗೆ ಹೇಳು" ಎನ್ನುತ್ತಿದ್ದರು. ಒಂದು ಸಲ ನನ್ನ ಹೆಂಡತಿ ವಸುಧಾಗೆ ರೇಗಿತು. "ರೀ, ಅದು ಹೊಡೆಯತ್ತೋ ಇಲ್ಲವೋ ಅದೇ ಗೊತ್ತಿಲ್ಲ. ಒಂದ್ಸಲ ಹೊಡೆದು ತೋರಿಸಿ. ಇಲ್ಲಾಂದ್ರೆ ಈ ಸಲ ಸ್ಟೇಷನ್ನಲ್ಲೇ ಬಿಟ್ಟು ಬನ್ನಿ." ಪಕ್ಕದಲ್ಲಿದ್ದ ಅಮ್ಮ "ಏನಂತೆ?" ಎಂದು ಎರಡು ಸಲ ಕೇಳಿದರು. ವಸುಧಾ ಕಿರುಚಿ ಹೇಳಿದಾಗ ಅವರ ಮುಖ ಸಣ್ಣಗಾಯಿತು. ಮಹಾನವಮಿಯ ಆಯುಧಪೂಜೆಗೆ ಆ ಪಿಸ್ತೂಲೇ ನಡುಮಧ್ಯೆ ಕೂರಬೇಕು. ನನ್ನ ಸ್ಟೆತಸ್ಕೋಪು, ಮನೆಯ ಈಳಿಗೆಮಣೆ ಎಲ್ಲ ಅದರ ಅಕ್ಕಪಕ್ಕ. ಅಪ್ಪ ಕೈಯಲ್ಲಿ ಹಿಡಿದ ವಸ್ತು ಅಂತ ಅವರ ಪಾಲಿಗೆ ಉಳಿದಿದ್ದು ಅದೊಂದೇ. ಅಮ್ಮನಿಗಾಗಿಯಾದರೂ ಅದು ಹೊಡೆಯಲೇಬೇಕಿತ್ತು.

ನನ್ನ ಪೇಷೆಂಟು ಮುರುಗೇಶನ್ ರಿಟೈರಾದ ಹವಾಲ್ದಾರ್, ನಗರದ ಒಂದು ಶೂಟಿಂಗ್ ರೇಂಜಿನಲ್ಲಿ ಕೋವಿ ನೋಡಿಕೊಳ್ಳುವವರು. ಜೀವಮಾನವೆಲ್ಲ ಗುಂಡಿನ ಸದ್ದು ಕೇಳಿ ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆಂದು ನನ್ನ ಬಳಿ ಬರುತ್ತಿದ್ದರು. ಆ ಹಳೆಯ ಜಾತಿಯ ಪಿಸ್ತೂಲಿಗೆ ಗುಂಡು ಹುಡುಕಿಸಿಕೊಟ್ಟವರೂ ಅವರೇ. ಒಂದು ಭಾನುವಾರ ಬೆಳಿಗ್ಗೆ ಲೈಸೆನ್ಸಿನ ಪುಸ್ತಕದೊಂದಿಗೆ ಹೋದೆ. ಪಿಸ್ತೂಲು ಹೊರತೆಗೆದಾಗ ಅವರು ಕೈಮುಗಿಯುವುದೊಂದು ಬಾಕಿ. ಹಿಂಭಾಗ ಎಳೆದು ತೆರೆದು, ಗುಂಡಿಲ್ಲವೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿದರು. ತಿರುಗಿಸಿ ಹಿಡಿದರು. "ಡಾಕ್ಟರ್ ಸಾರ್, ವೆಳಿಚ್ಚಮೇ ತೆರಿಯಲ" ಎಂದರು, ಬೆಳಕೇ ಕಾಣುತ್ತಿಲ್ಲವಂತೆ.

ಉದ್ದನೆಯ ಸಲಾಕಿ ತಂದು ಮೆಲ್ಲಗೆ ನೂಕಿದರು. ಮೊದಲು ಹಳದಿ ಪುಡಿ ಬಂತು. ಆಮೇಲೆ ಕಲ್ಲಾಗಿದ್ದ ಗಂಧದ ಒಂದು ತುಂಡು. ಅದರ ಹಿಂದೆ ಮುಗ್ಗಿದ ತುಳಸಿ ದಳ. ಕೊನೆಗೆ ಪೊಳಪೊಳನೆ ಉದುರಿದವು ಅಕ್ಷತೆಯ ಕಾಳುಗಳು. ಮುರುಗೇಶನ್ ಅಂಗೈಯಲ್ಲಿ ಹಿಡಿದು, "ಎನ್ನ ಸಾರ್ ಇದು, ಅರಿಸಿ!" ಎಂದರು. ಅಕ್ಕಿ ಎಂದು ತಿಳಿಯಲು ನನಗೆ ತಮಿಳು ಬೇಕಿರಲಿಲ್ಲ. ಹದಿನೆಂಟು ನವಮಿಗಳು ಅವರ ಅಂಗೈಯಲ್ಲಿದ್ದವು. ಇದನ್ನು ನೋಡದೆ ಕುದುರೆ ಎಳೆದಿದ್ದರೆ ನಳಿಗೆ ಸೀಳಿ ನಿಮ್ಮ ಕೈ ಹೋಗುತ್ತಿತ್ತು ಎಂದು ಅವರು ತಮಿಳಿನಲ್ಲಿ ಶಾಂತವಾಗಿ ವಿವರಿಸಿದರು. ನಾನೂ ಅಷ್ಟೇ ಶಾಂತವಾಗಿ ಕೇಳಿಸಿಕೊಂಡು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತೆ.

ಎಣ್ಣೆ ಹಾಕಿ, ಬಟ್ಟೆ ಓಡಿಸಿ, ಸ್ಪ್ರಿಂಗುಗಳನ್ನೆಲ್ಲ ಪರೀಕ್ಷಿಸಿದ ಮೇಲೂ ಅವರಿಗೆ ನಂಬಿಕೆಯಿಲ್ಲ. ಪಿಸ್ತೂಲನ್ನು ಮೇಜಿಗೆ ಬಿಗಿದು, ಕುದುರೆಗೆ ದಾರ ಕಟ್ಟಿ, ದೂರ ನಿಂತು ಎಳೆದರು. ಢಂ ಎಂದಿತು. ಮತ್ತೆ ಮೂರು ಸಲ ಹಾಗೇ ಹಾರಿಸಿ ನೋಡಿದ ಮೇಲೆ ನನ್ನ ಕೈಗೆ ಕೊಟ್ಟರು. ಕಿವಿಗೆ ಮುಚ್ಚಳ ಹಾಕಿಕೊಂಡು, ಊರಿಗೆಲ್ಲ ಉಸಿರು ಬಿಗಿಹಿಡಿಯಿರಿ ಎಂದು ಹೇಳುವ ನಾನು ಉಸಿರು ಬಿಗಿಹಿಡಿದು ಐದು ಗುಂಡು ಹೊಡೆದೆ. ಪಿಸ್ತೂಲು ಪ್ರತಿ ಸಲ ಆಕಾಶ ನೋಡುತ್ತಿತ್ತು. ಖಾಲಿ ತೋಟಾ ನೇರ ಮೇಲೆ ಹಾರಿ, ಬಿಸಿಬಿಸಿಯಾಗಿ ನನ್ನ ಬೋಳುತಲೆಯ ಮೇಲೇ ಬಿತ್ತು. ಐದು ಗುಂಡಿನಲ್ಲಿ ಒಂದು ಗುರಿಯ ಕಾಗದದ ಮೂಲೆಗೆ ತಾಗಿತು. ಆ ಕಾಗದವನ್ನು ಸುರುಳಿ ಸುತ್ತಿ ಮನೆಗೆ ತಂದೆ. ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ವಸುಧಾ ಕಾಗದದ ತೂತನ್ನೂ ನನ್ನ ತಲೆಯ ಬೊಬ್ಬೆಯನ್ನೂ ನೋಡಿ, "ಸರಿ, ಇರಲಿ ಬಿಡಿ" ಎಂದಳು. ಪಿಸ್ತೂಲು ಉಳಿಯಿತು. ಉಳಿದದ್ದು ಅಮ್ಮನ ವಿಚಾರಣೆ. ಅಕ್ಷತೆಯ ಸಂಗತಿಯನ್ನು ಮೂರು ಸಲ ಕೂಗಿ ಹೇಳಿದೆ. ಅಮ್ಮ ಹಾಯಾಗಿ, "ಪೂಜೆಗೆ ಇಟ್ಟ ವಸ್ತು, ಬಾಯಿ ತೆರಕೊಂಡು ಕೂತಿರತ್ತೆ. ಖಾಲಿ ಬಾಯಲ್ಲಿ ಹೇಗೋ ಬಿಡೋದು? ವರ್ಷಕ್ಕೆ ಒಂದೇ ಚಿಟಿಕೆ ಹಾಕ್ತಿದ್ದೆ, ಪಾಪ" ಎಂದರು. ಇನ್ನುಮುಂದೆ ಕೂಡದು ಎಂದು ಕಿರುಚಿದೆ. "ಏನು?" ಎಂದರು. ನಳಿಗೆ ಈಗ ಹೇಗೆ ಹೊಳೆಯುತ್ತಿದೆ ತೋರಿಸೋಣವೆಂದು ಬ್ಯಾಗಿನಿಂದ ಕಿವಿ ನೋಡುವ ಟಾರ್ಚು ತೆಗೆದೆ.

"ಟಾರ್ಚು ಹೇಗೂ ತೆಗೆದಿದ್ದೀರಿ," ಎಂದಳು ವಸುಧಾ. "ಅತ್ತೆ ಕಿವೀನೂ ಒಂದ್ಸಲ ನೋಡ್ರೀ. ಊರಿಗೆ ಉಪಕಾರಿ, ಮನೆಗೆ ಮಾರಿ."

ಎರಡು ವರ್ಷದಿಂದ ಅಮ್ಮ ಕಿವಿ ಮಂದ ಎನ್ನುತ್ತಿದ್ದರು. ಎರಡು ವರ್ಷದಿಂದ ನಾನು ತಿಂಡಿ ತಿನ್ನುತ್ತಾ, "ವಯಸ್ಸಾಯ್ತಲ್ಲಮ್ಮ" ಎನ್ನುತ್ತಿದ್ದೆ. ಟಾರ್ಚು ಹಿಡಿದು ನೋಡಿದರೆ ಬೆಳಕೇ ಒಳಗೆ ಹೋಗಲಿಲ್ಲ. ಕಲ್ಲಿನಂಥ ಗುಗ್ಗೆ, ಎರಡೂ ಕಿವಿಯಲ್ಲಿ. ಆ ಸಂಜೆಯಿಂದಲೇ ಎಣ್ಣೆ ಹನಿಸಿ, ನಾಲ್ಕು ದಿನ ನೆನೆಸಿ, ಉಗುರುಬೆಚ್ಚನೆಯ ನೀರು ಬಿಟ್ಟು ತೆಗೆದೆ. ತೆಗೆಯುವುದು ಹತ್ತೇ ನಿಮಿಷದ ಕೆಲಸ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಮ್ಮ ಕಿವಿ ಒರೆಸಿಕೊಂಡು ಮೇಲೆ ನೋಡಿ, "ಈ ಫ್ಯಾನು ಇಷ್ಟು ಸದ್ದು ಮಾಡತ್ತಾ?" ಎಂದರು. ಸ್ವಲ್ಪ ಹೊತ್ತು ಫ್ಯಾನನ್ನೇ ಕೇಳುತ್ತಾ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಾನು ನಿನ್ನ ಕ್ಲಿನಿಕ್ಕಿಗೆ ಬಂದು ಟೋಕನ್ ತೊಗೊಂಡಿದ್ರೆ ನೀನು ಆವಾಗಲೇ ನೋಡ್ತಿದ್ದೆ, ಅಲ್ಲವೇನೋ?"

ಇಷ್ಟು ದಿನ ಇಂಥ ಹೊತ್ತಿನಲ್ಲಿ ಅತ್ತ ತಿರುಗಿ ನಾಲ್ಕು ಮಾತು ಗೊಣಗಿಕೊಳ್ಳುತ್ತಿದ್ದೆ. ಆ ಸೌಕರ್ಯವನ್ನೂ ಈಗಷ್ಟೇ ನನ್ನ ಕೈಯಾರೆ ತೊಳೆದು ಹಾಕಿದ್ದೆ.