ನಾಲ್ಕನೇ ಸಿಡಿ

ಪುರಸಭೆಯ ಮರಣ ನೋಂದಣಿ ವಿಭಾಗದ ಕಂಪ್ಯೂಟರ್ ಸತ್ತು ಅಂದಿಗೆ ಹನ್ನೊಂದು ದಿನ. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು. ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ಮೂಡಿ ಅಲ್ಲಿಗೇ ನಿಲ್ಲುತ್ತಿತ್ತು. ಯಂತ್ರಕ್ಕೇನೂ ಆಗಿಲ್ಲ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಹಾಳಾಗಿದೆ, ಹೊಸದಾಗಿ ಹಾಕಬೇಕು ಎಂದು ಮೇಲಿನ ಕಚೇರಿಯವರು ಫೋನಿನಲ್ಲೇ ನಾಡಿ ನೋಡಿ ಹೇಳಿದ್ದರು. ಹಾಕುವವರು ಬರಲು ನಾಲ್ಕು ತಿಂಗಳು ಎಂದೂ ಹೇಳಿದ್ದರು. ಕೈಬರಹದ ಪ್ರಮಾಣಪತ್ರ ಎಲ್ಲಿಯೂ ನಡೆಯದೆಂಬ ಆದೇಶ ಹಿಂದೆಯೇ ಬಂದಿತ್ತು. ಹೀಗಾಗಿ ಊರಿನಲ್ಲಿ ಜನ ಎಂದಿನಂತೆ ಸಾಯುತ್ತಿದ್ದರೂ ಕಾಗದದ ಪ್ರಕಾರ ಹನ್ನೊಂದು ದಿನದಿಂದ ಯಾರೂ ಸತ್ತಿರಲಿಲ್ಲ.

ಆ ವಿಭಾಗದ ಗುಮಾಸ್ತನನ್ನು ಕಚೇರಿಯಲ್ಲಿ ಎಲ್ಲರೂ 'ಮರಣದವರು' ಎಂದೇ ಕರೆಯುತ್ತಿದ್ದರು. ಬಹುವಚನ ಹೆಸರಿಗಷ್ಟೇ, ಆತನಿಗಲ್ಲ. ಪಕ್ಕದ ಮೇಜಿನಾಕೆ 'ಜನನದ ಮೇಡಂ'. ಆಕೆಯ ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಪಾಪ, ಸಹಾಯ ಮಾಡೋಣವೆಂದು ಆಕೆ ಒಮ್ಮೆ ಅದರಲ್ಲೇ ಒಂದು ಸಾವನ್ನು ದಾಖಲಿಸಲು ಹೋಗಿ, ಎಂಬತ್ತೆರಡು ವರ್ಷದ ಮುದುಕರೊಬ್ಬರು ಮೂರು ಕಿಲೋ ತೂಕದೊಡನೆ ಸುಸೂತ್ರವಾಗಿ ಹುಟ್ಟಿಬಿಟ್ಟಿದ್ದರು. ಅಂದಿನಿಂದ ಸಾಹೇಬರು, "ಹುಟ್ಟಿನ ಯಂತ್ರದಲ್ಲಿ ಸಾವು ಬೇಡ," ಎಂದು ಬರೆದೇ ಕೊಟ್ಟಿದ್ದರು.

ಬೈಗುಳ ತಿನ್ನುವವನು ಮಾತ್ರ ಮರಣದವರು. ಸಾಲಿನಲ್ಲಿ ನಿಂತವರು ಅಳುತ್ತ ಬೈಯುತ್ತಿದ್ದರು. ಬರೀ ಬೈಗುಳವಾದರೆ ಕೇಳಬಹುದು, ಅಳು ಸೇರಿದರೆ ಊಟ ಸೇರುವುದಿಲ್ಲ. ಕೊನೆಗೆ ಆತ ಮಾಸಪತ್ರಿಕೆಯೊಂದರ ಹಿಂದಿನ ಪುಟದ ಜಾಹೀರಾತು ನೋಡಿ, 'ನಾಲ್ಕು ಸಿಡಿಗಳಲ್ಲಿ ಸಂಪೂರ್ಣ ಆಪರೇಟಿಂಗ್ ಸಿಸ್ಟಮ್, ಅಂಚೆಯ ಮೂಲಕ ಮನೆ ಬಾಗಿಲಿಗೆ' ಎಂಬುದಕ್ಕೆ ಸ್ವಂತ ಹಣ ಕಳಿಸಿದ. ಕಚೇರಿಯ ವಿಳಾಸ ಕೊಟ್ಟರೆ ಆವಕ ಪುಸ್ತಕ ದಾಟಿ ಬರಲು ಮತ್ತೆ ನಾಲ್ಕು ತಿಂಗಳು. ಮನೆಯ ವಿಳಾಸ ಕೊಟ್ಟ. ಪ್ರಮಾಣಪತ್ರ ಮುದ್ರಿಸುವ ಪ್ರೋಗ್ರಾಮು ಕಚೇರಿಯ ಬೀರುವಿನಲ್ಲಿ ಬೆಚ್ಚಗೆ ಇತ್ತು. ಅದು ಕೂರಲು ನೆಲವೊಂದಿರಲಿಲ್ಲ, ಅಷ್ಟೇ.

ಆ ಪತ್ರಿಕೆಯನ್ನು ಓದಲು ಕೊಟ್ಟವರು ಕೆಳಮನೆಯ ರೇಡಿಯೊ ತಾತ. ಐವತ್ತು ವರ್ಷ ಊರಿನ ರೇಡಿಯೊಗಳನ್ನೆಲ್ಲ ಬಿಚ್ಚಿ ಜೋಡಿಸಿದವರು. ಕಣ್ಣು ಮಂಜಾದ ಮೇಲೆ ಅದೇ ಹಿಂದಿನ ಪುಟದಿಂದ ಹಳೆಯ ಹಾಡಿನ ಸಿಡಿಗಳನ್ನು ಅಂಚೆಯಲ್ಲಿ ತರಿಸಿಕೊಂಡು ಕೇಳುತ್ತ ಕೂತಿರುತ್ತಿದ್ದರು. ಹನ್ನೊಂದನೆಯ ದಿನದ ಹಿಂದಿನ ಸಂಜೆ, ಹಾಡು ಕೇಳುತ್ತಿದ್ದಂತೆಯೇ ತೀರಿಕೊಂಡರು.

ಬೆಳಗ್ಗೆ ಮರಣದವರು ಸಾವಿನ ಮನೆಗೆ ಇಣುಕಿ ಕಚೇರಿಗೆ ಹೋಗೋಣವೆಂದು ಮೆಟ್ಟಿಲಿಳಿಯುವಾಗ ಗೇಟಿನಲ್ಲೇ ಅಂಚೆಯವನು ಪಾರ್ಸೆಲ್ ಕೊಟ್ಟ. ಕಂಕುಳಲ್ಲಿ ಅದನ್ನು ಇಟ್ಟುಕೊಂಡೇ ಒಳಗೆ ಹೋದ. ತಾತ ಶವಪೆಟ್ಟಿಗೆಯೊಳಗೆ ಕನ್ನಡಕ ಹಾಕಿಕೊಂಡು ಮಲಗಿದ್ದರು. ತಲೆದೆಸೆಯಲ್ಲಿ ಅವರ ಮಗಳು. ಸುತ್ತ ಕುರ್ಚಿಗಳಲ್ಲಿ ವಠಾರದವರು, ಏನು ಮಾತಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಂಥವರಿಗೆ ಒಂದು ಪಾರ್ಸೆಲ್ ಕಂಡರೆ ಕೇಳಬೇಕೆ?

"ಏನದು?" ಎಂದರು ಮಹಡಿ ಮೇಲಿನ ಚಿತ್ರಕಲಾ ಮೇಷ್ಟ್ರು, ಪಿಸುದನಿಯಲ್ಲಿ.

"ಸಿಡಿ, ಮೇಷ್ಟ್ರೇ. ಅಂಚೇಲಿ ತರಿಸಿದ್ದು."

"ಅಂಚೇಲಿ ಬಂದದ್ದನ್ನ ಆಗಿಂದಾಗಲೇ ಒಡೆದು ನೋಡ್ಬೇಕು. ನಮ್ಮ ಭಾವನಿಗೆ ಗಡಿಯಾರದ ಬದಲು ಸೋಪು ಕಳಿಸಿದ್ರು."

ಮರಣದವರಿಗೂ ಒಳಗೊಳಗೆ ಅದೇ ಭಯವಿತ್ತು. ಸದ್ದಾಗದಂತೆ ಒಡೆದ. ಬಿಳಿ ಕಾಗದದ ನಾಲ್ಕು ಲಕೋಟೆ. ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಪೆನ್ಸಿಲಿನಲ್ಲಿ ಗೀಚಿತ್ತು. ಮೇಷ್ಟ್ರು ಒಂದರೊಳಗಿನ ಸಿಡಿ ತೆಗೆದು ಬೆಳಕಿಗೆ ಹಿಡಿದರು. ಪಕ್ಕದವರು ಇನ್ನೊಂದನ್ನು ಎತ್ತಿದರು. ಸಿಡಿಗಳು ಕೈಯಿಂದ ಕೈಗೆ, ಕುರ್ಚಿಯಿಂದ ಕುರ್ಚಿಗೆ, ಮಹಾ ಗಾಂಭೀರ್ಯದಿಂದ ಶವದ ಸುತ್ತ ಒಂದು ಸುತ್ತು ಬಂದವು. ಅಷ್ಟರಲ್ಲಿ ಗೋಡೆ ಗಡಿಯಾರ ಒಂಬತ್ತೂವರೆ ತೋರಿಸಿತು. ಮರಣದವರು ಕೈಗೆ ಸಿಕ್ಕ ಲಕೋಟೆಗಳನ್ನು ಡಬ್ಬಿಗೆ ತುಂಬಿ, ತಾತನಿಗೆ ತಲೆಬಾಗಿ, ಓಡಿದ.

ಕಚೇರಿಯಲ್ಲಿ ಸಾಲಿನ ಮೊದಲಿಗೆ ನಿಂತಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಗಂಡ ಗಿರಣಿಯ ಕೆಲಸಗಾರ, ಹೋಗಿ ಎಂಟು ದಿನ. ಗಿರಣಿಯವರು ಕೊಟ್ಟ ಮನೆ ಅವಳ ಹೆಸರಿಗೆ ಆಗಬೇಕಾದರೆ ಅಂದು ಸಂಜೆ ಐದರೊಳಗೆ ಪ್ರಮಾಣಪತ್ರ ಕೊಡಬೇಕು. ಇಲ್ಲವೆಂದರೆ ನಾಳೆ ಬೀಗ. ಅವಳು ಅಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹಾಗೆ ಸುಮ್ಮನೆ ನೋಡುವವರನ್ನು ಕಂಡರೆ ಮರಣದವರಿಗೆ ಇನ್ನೂ ಭಯ.

"ಅಣ್ಣ, ಇವತ್ತೇ ಕೊನೆ ದಿನ."

"ಇವತ್ತು ಆಗುತ್ತಮ್ಮ. ಮದ್ದು ತಂದಿದೀನಿ," ಎಂದು ಡಬ್ಬಿ ತೋರಿಸಿದ.

ಮೊದಲನೆಯ ಸಿಡಿ ನುಂಗಿದ ಯಂತ್ರ ಗೊರಗೊರ ಎಂದಿತು. ಪರದೆಯಲ್ಲಿ ನೀಲಿ ಪಟ್ಟಿಯೊಂದು ಇರುವೆಯಂತೆ ಮುಂದೆ ಸರಿಯತೊಡಗಿತು. ಜನನದ ಮೇಡಂ ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದು ಕೂತರು. ಸಾಲು ಸಾಲಾಗಿ ಉಳಿಯದೆ ಮೇಜಿನ ಸುತ್ತ ಗುಂಪಾಯಿತು. ಎರಡನೆಯದು ಹೋಯಿತು. ಮೂರನೆಯದೂ ಹೋಯಿತು. ನೀಲಿ ಪಟ್ಟಿ ಮುಕ್ಕಾಲು ದಾರಿ ಸವೆಸಿದಾಗ ಸಾಹೇಬರೂ ಬಂದು ನಿಂತು, "ನೋಡಿ, ಮನಸ್ಸಿದ್ರೆ ಆಗುತ್ತೆ," ಎಂದು ತಾವೇ ಮಾಡಿಸಿದಂತೆ ಹೇಳಿದರು.

ಯಂತ್ರ ನಾಲ್ಕನೆಯ ಸಿಡಿ ಕೇಳಿತು. ಮರಣದವರು ನಾಲ್ಕೆಂದು ಬರೆದ ಲಕೋಟೆ ತೆಗೆದು ಕೊಡವಿದ. ಗಾಳಿ ಬಿತ್ತು.

"ಚೆನ್ನಾಗಿ ನೋಡಿ, ಅಂಟ್ಕೊಂಡಿರುತ್ತೆ," ಎಂದರು ಮೇಡಂ. ಲಕೋಟೆ ಹರಿದು ನೋಡಿದರು. ಡಬ್ಬಿಯನ್ನು ಬೋರಲು ಹಾಕಿದರು. ಮರಣದವರ ಮುಖ ಇಂಗು ತಿಂದ ಮಂಗನಂತಾಯಿತು. ಮಾರಿದವರಿಗೆ ಫೋನು ಮಾಡಿದರೆ, "ನಾಲ್ಕನೇದಿಲ್ದೆ ಏನೂ ನಡೆಯಲ್ಲ ಸಾರ್. ಬೇಕಾದ್ರೆ ಇನ್ನೊಂದು ಸೆಟ್ ಕಳಿಸ್ತೀವಿ. ಒಂದು ವಾರ," ಎಂಬ ಉತ್ತರ ಬಂತು.

ಸಾವಿನ ಮನೆಯಲ್ಲೇ ಉಳಿದಿದೆ, ಸಂಶಯವೇ ಇಲ್ಲ. ಓಡಿದ. ಮನೆಗೆ ಬೀಗ ಹಾಕಿತ್ತು. ಕುರ್ಚಿಗಳು ಅಂಗಳಕ್ಕೆ ಬಂದಿದ್ದವು. ಒಂದೊಂದನ್ನೂ ತಿರುಗಿಸಿ ನೋಡಿದ, ಏನೂ ಇರಲಿಲ್ಲ. ಅಲ್ಲಿಂದ ಸ್ಮಶಾನಕ್ಕೆ ಓಡಿದ.

ಗುಂಡಿಯ ಪಕ್ಕ ಮುಚ್ಚಳ ಬಿಗಿದ ಪೆಟ್ಟಿಗೆ, ಸುತ್ತ ಜನ. ಏದುಸಿರು ಬಿಡುತ್ತ ಬಂದ ಮರಣದವರನ್ನು ಕಂಡದ್ದೇ ತಾತನ ಮಗಳು ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಅಣ್ಣ, ಕೆಲಸ ಬಿಟ್ಟು ಓಡಿ ಬಂದ್ರಲ್ಲ. ಬೆಳಗ್ಗೆ ನೀವು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ."

"ನಾನೇನು ಮಾಡಿದೆನಮ್ಮ?"

"ಕುರ್ಚಿ ಮೇಲೆ ಸದ್ದಿಲ್ಲದೆ ಇಟ್ಟು ಹೋದ್ರಿ. ಮೇಷ್ಟ್ರು ಹೇಳಿದ್ರು, ನೀವು ಅಂಚೇಲಿ ತರಿಸಿದ್ದು ಅಂತ. ಅಪ್ಪ ತಿಂಗಳಿಂದ ಒಂದು ಹಾಡಿಗೆ ಕಾಯ್ತಿದ್ದ. ಅದನ್ನೇ ತರಿಸಿದ್ರಲ್ಲ. ನಾನೇ ಕೈಯಾರೆ ಅವನ ಎದೆ ಮೇಲೆ ಇಟ್ಟೆ."

ಮರಣದವರ ಬಾಯಲ್ಲಿ ಮಾತು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಮೇಷ್ಟ್ರು, "ತಾತನ ಬಗ್ಗೆ ಎರಡು ಮಾತು ಇವರೇ ಆಡಲಿ," ಎಂದು ಅವನನ್ನು ಮುಂದಕ್ಕೆ ತಳ್ಳಿದರು. ಜನ ತಲೆತಗ್ಗಿಸಿ ನಿಂತರು. ಇದೇ ಸಮಯ, ಸೂಚನೆಯಾದರೂ ಕೊಡೋಣ ಎಂದುಕೊಂಡ.

"ತಾತ," ಎಂದು ಗಂಟಲು ಸರಿಮಾಡಿಕೊಂಡ, "ತಮ್ಮದಲ್ಲದ್ದನ್ನ ಯಾವತ್ತೂ ಇಟ್ಕೊಂಡವರಲ್ಲ. ಯಾರದೇ ಸಾಮಾನು ಅವರ ಕೈ ಸೇರಿದ್ರೂ, ಅದು... ಅದು ವಾಪಸು ಬರ್ತಿತ್ತು."

ಹಲವರು ಕಣ್ಣೊರೆಸಿಕೊಂಡರು. "ಎಂಥಾ ಮಾತು," ಎಂದರು ಮೇಷ್ಟ್ರು.

"ವಾಪಸು ಬರೋವರೆಗೆ ಅವರಿಗೆ ಸಮಾಧಾನ ಇರ್ತಿರಲಿಲ್ಲ," ಎಂದು ಇನ್ನಷ್ಟು ಬಿಡಿಸಿ ಹೇಳಿದ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಪೆಟ್ಟಿಗೆ ಕೆಳಗಿಳಿಯಿತು. ಮಗಳು ಒಂದು ಹಿಡಿ ಮಣ್ಣು ಹಾಕಿ, ಗುದ್ದಲಿಯನ್ನು ಅವನ ಕೈಗೆ ಕೊಟ್ಟು, "ನನ್ನ ನಂತರ ನೀವೇ ಹಾಕಿ, ಅಣ್ಣ," ಎಂದಳು. ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಎಂದರೇನೆಂದು ಅವನಿಗೆ ಅಂದು ಅರ್ಥವಾಯಿತು. ಎರಡು ಗುದ್ದಲಿ ಮಣ್ಣು ಹಾಕಿದ. ಎರಡೂ ತನ್ನ ನೌಕರಿಯ ಮೇಲೇ ಬಿದ್ದಂತೆ ಕೇಳಿಸಿತು.

ಮರಳಿದಾಗ ಎರಡು ಗಂಟೆ. ಹೊಲಿಗೆಯವಳು ಕೂತಲ್ಲೇ ಕೂತಿದ್ದಳು.

"ಸಿಕ್ತಾ ಅಣ್ಣ?"

ಸುಳ್ಳು ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ನಿಜ ಹೇಳಿಬಿಟ್ಟ. ಜನನದ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ನಗುವಿಗೋ ದುಃಖಕ್ಕೋ ತಿಳಿಯಲಿಲ್ಲ. ಹೊಲಿಗೆಯವಳು ಎದ್ದು ನಿಂತಳು.

"ನಮ್ಮನೇಲಿ ಎರಡು ಮಕ್ಕಳಿದಾವೆ, ಒಂದು ಹೊಲಿಗೆ ಮಿಷನ್ ಇದೆ. ನಾಳೆ ಮೂರನ್ನೂ ಬೀದಿಲಿ ಇಡ್ಬೇಕು," ಎಂದಳು. "ಆ ಹೆಣ್ಣುಮಗಳ ಹತ್ರ ನಿಮಗೆ ಕೇಳೋಕಾಗದಿದ್ರೆ ನಾನು ಕೇಳ್ತೀನಿ. ನಾನೂ ಮೊನ್ನೆ ತಾನೇ ಮಣ್ಣು ಹಾಕಿ ಬಂದವಳು."

ಸಾಹೇಬರು ನಿಯಮದ ಪುಸ್ತಕ ತೆಗೆಸಿದರು. ಹೂಳಿದ್ದನ್ನು ತೆಗೆಯುವುದಕ್ಕೂ ಒಂದು ನಿಯಮವಿತ್ತು. ನಿಯಮವಿದ್ದದ್ದಕ್ಕೆ ಅವರಿಗೆ ಮನಸ್ಸು ಹಗುರವಾಯಿತು. 'ಸಾರ್ವಜನಿಕ ಸೇವೆಗೆ ಅತ್ಯಗತ್ಯವಾದ ಸಾಮಗ್ರಿಯೊಂದು ಆಕಸ್ಮಿಕವಾಗಿ ಮೃತರೊಡನೆ ತೆರಳಿದ ಕಾರಣ' ಎಂದು ಅನುಮತಿ ಪತ್ರ ಬರೆದು, ಸಹಿ ಹಾಕಿ, ಮೊಹರು ಒತ್ತಿ, "ಉಳಿದ ಕಾಗದ ಸ್ಮಶಾನದ ಆಫೀಸಿನಲ್ಲಿ ಕೇಳಿ," ಎಂದರು.

ತಾತನ ಮನೆಯಲ್ಲಿ ಹೊಲಿಗೆಯವಳು ಮುಂದೆ, ಮರಣದವರು ಅವಳ ನೆರಳಿನಲ್ಲಿ. ಅವಳು ಸುತ್ತುಬಳಸಿ ಹೇಳಲಿಲ್ಲ. ಮಗಳ ಮುಖ ಮೊದಲು ಬಿಳಿಚಿತು.

"ಹಾಗಾದ್ರೆ ಅದು ಹಾಡಲ್ವಾ?"

"ಅಲ್ಲಮ್ಮ," ಎಂದ ಮರಣದವರು. "ತಪ್ಪಾಯ್ತು. ಆಗಲೇ ಹೇಳ್ಬೇಕಿತ್ತು. ನೀವು ಕೈ ಹಿಡ್ಕೊಂಡ ಮೇಲೆ ನಾಲಿಗೆ ಏಳಲಿಲ್ಲ."

ಅವಳು ತಂದೆಯ ಖಾಲಿ ಕುರ್ಚಿಯನ್ನು ನೋಡುತ್ತ ನಿಂತಳು. ಮರಣದವರು ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತಿದ್ದ.

"ಅಪ್ಪ ಜೀವಮಾನ ಪೂರ್ತಿ ಬೇರೆಯವರ ರೇಡಿಯೊ ರಿಪೇರಿ ಮಾಡಿದ," ಎಂದಳು ಕೊನೆಗೆ. "ತನ್ನಿಂದ ಯಾರದೋ ಯಂತ್ರ ನಿಂತಿದೆ ಅಂದ್ರೆ ಅವನಿಗೆ ಅಲ್ಲೂ ನಿದ್ದೆ ಹತ್ತಲ್ಲ. ಇವರ ಮನೆ ಹೋಗೋದು ಬೇಡ. ಕಾಗದ ಕೊಡಿ, ಸಹಿ ಹಾಕ್ತೀನಿ. ನಾನೂ ಬರ್ತೀನಿ."

ಮೂವರೂ ಹೊರಟರು. ನಾಲ್ಕಕ್ಕೆ ಹತ್ತು ನಿಮಿಷ. ಅರ್ಧ ಗಂಟೆ ಅಗೆತ, ಹತ್ತು ನಿಮಿಷ ಓಟ, ಕಾಲು ಗಂಟೆ ಯಂತ್ರಕ್ಕೆ ಎಂದು ಮರಣದವರು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಸಾಲುತ್ತಿತ್ತು. ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಸ್ಮಶಾನದ ಮೇಲ್ವಿಚಾರಕ ಈ ಕೆಲಸಕ್ಕೆ ಹೊಸಬ, ಆದರೆ ಸಜ್ಜನ. ಸಾಹೇಬರ ಪತ್ರ ಓದಿದ. ಮಗಳ ಒಪ್ಪಿಗೆ ಓದಿ, "ಇದು ಕಷ್ಟದ ಕೆಲಸ ತಾಯಿ, ದೊಡ್ಡ ಮನಸ್ಸು ನಿಮ್ಮದು," ಎಂದ. ಅಗೆಯುವವರನ್ನು ಕರೆದು ಗುದ್ದಲಿ ತರಲು ಹೇಳಿದ. ಅವರು ಗುದ್ದಲಿ ತಂದು ಬಾಗಿಲಲ್ಲಿ ನಿಂತರು. ಮೇಲ್ವಿಚಾರಕ ದೊಡ್ಡ ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಕೈ ಚಾಚಿದ.

"ಎಲ್ಲಾ ಸರಿ ಇದೆ. ಮೃತರ ಮರಣ ಪ್ರಮಾಣಪತ್ರ ಒಂದು ಕೊಡಿ. ಅದರ ನಂಬರ್ ಬರೆದುಕೊಂಡು ಶುರು ಮಾಡಿಸ್ತೀನಿ."

"ಮಧ್ಯಾಹ್ನ ಮಣ್ಣು ಮಾಡುವಾಗ ಕೇಳಲಿಲ್ಲವಲ್ಲ," ಎಂದಳು ಮಗಳು.

"ಒಳಗೆ ಹಾಕೋಕೆ ಡಾಕ್ಟರ ಚೀಟಿ ಸಾಕು ತಾಯಿ. ಹೊರಗೆ ತೆಗೆಯೋಕೆ ಪ್ರಮಾಣಪತ್ರವೇ ಬೇಕು. ಜೀವ ಇದ್ದವರನ್ನ ಹೂತಿದ್ರು ಅಂತ ನಾಳೆ ಯಾರಾದ್ರೂ ಅಂದ್ರೆ?"

ಇವರಿಗೆ ವಿಷಯ ಗೊತ್ತಿಲ್ಲವೆಂದುಕೊಂಡು ಮೇಲ್ವಿಚಾರಕ, ಬಣ್ಣಗೆಟ್ಟು ನಿಂತಿದ್ದ ಮರಣದವರ ಕಡೆ ಕನಿಕರದಿಂದ ಬಾಗಿದ.

"ಹತ್ತಿರಾನೇ ಇದೆ ಸ್ವಾಮಿ. ಪುರಸಭೆಗೆ ಹೋಗಿ, ಎಡಗಡೆ ಎರಡನೇ ಮೇಜು. ಅಲ್ಲೊಬ್ಬ ಗುಮಾಸ್ತ ಇದಾನೆ, ಮಹಾ ಸೋಮಾರಿಯಂತೆ. ಹನ್ನೊಂದು ದಿನದಿಂದ ಯಾರಿಗೂ ಒಂದೂ ಕೊಟ್ಟಿಲ್ಲವಂತೆ. ನಯವಾಗಿ ಕೇಳಿದ್ರೆ ಕೆಲಸ ಆಗಲ್ಲ. ಕೊರಳಪಟ್ಟಿ ಹಿಡಿದು ಕೇಳಿ."

ಹೊಲಿಗೆಯವಳು ನಿಧಾನವಾಗಿ ಮರಣದವರ ಕಡೆ ತಿರುಗಿದಳು. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳಪಟ್ಟಿಯನ್ನು ಅವಳ ಕಡೆಗೆ ಒಡ್ಡಿದ.