ಸೀನನ ಎಲೆಯಲ್ಲಿ ಉಂಡ ಸೈಕಲಿನವನು

ಅವತ್ತು ಆ ಎಲೆಯಲ್ಲಿ ಉಂಡದ್ದು ಪುತ್ತೂರಿನ ಸೈಕಲ್ ಸಂಘದವನು. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಮರೆತದ್ದು ನಾನು. ನಡೆದದ್ದು ಇಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಈಗ ಇದಕ್ಕೆ ನಾಲ್ಕು ಬಗೆಯ ಕಥೆ ಉಂಟು. ಹೇಳುವವರಲ್ಲಿ ಒಬ್ಬರೂ ಅವತ್ತು ಅಲ್ಲಿರಲಿಲ್ಲ. ನಾನಿದ್ದೆ.

ನಾನು ಕಡಬದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ಎರಡನೇ ವರ್ಷ ಮೈದುನ ಸೀನ ಹೊಳೆಯಲ್ಲಿ ಹೋದ. ದೋಣಿಯವನಿಗೆ ಕಾಯುವಷ್ಟು ತಾಳ್ಮೆ ಇಲ್ಲದೆ, ಸೈಕಲನ್ನು ಹೆಗಲಿಗೇರಿಸಿ ಕುಮಾರಧಾರೆಗೆ ಇಳಿದವನು. ಹೆಣ ಮೂರನೇ ದಿನ ಸಿಕ್ಕಿತು, ಸೈಕಲ್ ಸಿಕ್ಕಲಿಲ್ಲ. ನಮ್ಮಲ್ಲಿ ದೀಪಾವಳಿಗೆ ಸತ್ತವರಿಗೆ ಬಡಿಸುವ ಕ್ರಮ. ಒಳಕೋಣೆಯಲ್ಲಿ ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುದು. ಸ್ವಲ್ಪ ಹೊತ್ತು ಬಿಟ್ಟು ತೆರೆದಾಗ ಒಂದು ಅಗುಳು ಆಚೀಚೆ ಆಗಿದ್ದರೂ ಸಾಕು, ಬಂದು ಉಂಡರು ಅಂತ ಅರ್ಥ. ಸೀನನ ಎಲೆಯಲ್ಲಿ ಮೂರು ವರ್ಷ ಒಂದು ಅಗುಳೂ ಅಲುಗಲಿಲ್ಲ. ಅತ್ತೆ ಹಟ ಹಿಡಿದರು: "ಅವ ಹಸಿದು ಕೂತಿರುವಾಗ ತಂಗಿಗೆ ಮದುವೆ ಊಟವಾ? ಅವ ಉಂಡ ಮೇಲೆಯೇ ಮಾತು." ತಂಗಿ ಎಂದರೆ ನನ್ನ ನಾದಿನಿ ಕಮಲ. ಅಜ್ಜಾವರದ ಗಂಡಿನವರು ಈ ದೀಪಾವಳಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಹುಡುಗಿ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. ನಾನೇ ಒಂದು ಅಗುಳನ್ನು ಬೆರಳಲ್ಲಿ ತಳ್ಳಿ ಬರೋಣ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಒಳಕೋಣೆಯ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ, ಈಚೆ ಬಾಗಿಲಿಗೆ ಅತ್ತೆ ಬೆನ್ನು ಕೊಟ್ಟು ಕೂತರೆ ಇರುವೆಗೂ ದಾರಿ ಇಲ್ಲ.

ನಾಲ್ಕನೇ ವರ್ಷ, ಸರಿಯಾಗಿ ಎಲೆ ಬಡಿಸಿ ಬಾಗಿಲು ಮುಚ್ಚಿದ ಮಧ್ಯಾಹ್ನವೇ, ಸೈಕಲ್ ಸಂಘದವರು ಬಂದರು. ಪುತ್ತೂರಿನಿಂದ ಹಳ್ಳಿ ಹಳ್ಳಿ ತುಳಿದು, ಮನೆಮನೆಯಲ್ಲಿ ಅಕ್ಕಿ ಎತ್ತಿ, ಅನಾಥ ಮಕ್ಕಳ ಮನೆಗೆ ಕೊಡುದು ಅವರ ಕೆಲಸ. ಹಬ್ಬದ ದಿನ ಯಾರೂ ಇಲ್ಲ ಅನ್ನುವುದಿಲ್ಲವೆಂಬ ಉಪಾಯ. ಅಂಗಳ ತುಂಬ ಸೈಕಲು, ಪ್ರತಿ ಕ್ಯಾರಿಯರಿನಲ್ಲಿ ಅಕ್ಕಿ ಚೀಲ. ನನ್ನ ಗಂಡ ಅವರನ್ನು ಜಗಲಿಯಲ್ಲಿ ಕೂರಿಸಿ ಮಾತಿಗೆ ನಿಂತರು. ನಾನು ಅವರಿಗೆ ಮಜ್ಜಿಗೆ ತೆಗೆದುಕೊಂಡು ಒಳಕೋಣೆಯ ಮುಂದೆ ಹಾದು ಹೋಗುವಾಗ ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಕೇಳಿತಾ?"

ಕೇಳಿತು. ಮುಚ್ಚಿದ ಬಾಗಿಲಿನಾಚೆ ಬಾಳೆಲೆ ಸರಕ್ ಎಂದಿತು. ಆಮೇಲೆ ಮೂಳೆ ಕಡಿಯುವ ಸದ್ದು. ಆಮೇಲೆ ಯಾರೋ ನಿಧಾನಕ್ಕೆ ಏನೋ ಕೇಳಿದ ಹಾಗೆ, ಇನ್ನೊಬ್ಬರು ಉತ್ತರ ಹೇಳಿದ ಹಾಗೆ. ನಾನು ಹೆದರಲಿಲ್ಲ. ಮಜ್ಜಿಗೆ ಚೊಂಬು ಅತ್ತೆಯ ತಲೆ ಮೇಲೆ ಬಿದ್ದದ್ದು ಕೈ ಜಾರಿ. ಮಜ್ಜಿಗೆ ಮೂಗಿನಿಂದ ಇಳಿಯುತ್ತಿದ್ದರೂ ಅತ್ತೆ ಒರೆಸಿಕೊಳ್ಳಲಿಲ್ಲ. "ಬಂದ," ಎಂದರು, "ನನ್ನ ಮಗ ಬಂದ."

ಸದ್ದು ನಿಂತ ಮೇಲೆ ಬಾಗಿಲು ತೆರೆದರು. ಕೋಣೆಯಲ್ಲಿ ಯಾರೂ ಇಲ್ಲ. ಕೋಳಿ ಸುಕ್ಕ ಇಲ್ಲ, ರೊಟ್ಟಿ ಇಲ್ಲ, ಕಳ್ಳಿನ ಲೋಟ ಖಾಲಿ. ಎಲೆ ಚೆಂದಕ್ಕೆ ಮಡಚಿಟ್ಟಿತ್ತು. ನನಗೆ ಅಲ್ಲೇ ಗೊತ್ತಾಯಿತು. ಬದುಕಿರುವಾಗ ಒಂದು ದಿನವೂ ತನ್ನ ಎಲೆ ಮಡಚದ ಸೀನ, ಸತ್ತ ಮೇಲೆ ಕಲಿತನೇ? ಆದರೆ ಅತ್ತೆ ಆ ಎಲೆಯನ್ನು ಎದೆಗೆ ಅವುಚಿಕೊಂಡು, "ಕಮಲಾ, ನಿನ್ನ ಅಣ್ಣ ಒಪ್ಪಿದ," ಎಂದರು. ಕಮಲ ನನ್ನ ಮುಖ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೇ ಹೇಳುವವಳು ಎಂದು ನಾನು ಹೆಸರು ಪಡೆದವಳು. ಅವತ್ತು ಬಾಯಿ ಮುಚ್ಚಿ ಹಿತ್ತಿಲಿಗೆ ಓಡಿದೆ.

ಬಾವಿಕಟ್ಟೆಯಲ್ಲಿ ಒಬ್ಬ ಕನ್ನಡಕದವನು ಕೈ ತೊಳೆಯುತ್ತಿದ್ದ. ಘಟ್ಟದ ಮೇಲಿನವನು, ಕೆಲಸಕ್ಕೆಂದು ಪುತ್ತೂರಿಗೆ ಬಂದು ತಿಂಗಳಾಗಿಲ್ಲವಂತೆ. ಸೈಕಲಿನ ಚೈನು ತಪ್ಪಿ ಹಿಂದೆ ಬಿದ್ದು, ಕೈಯ ಮಸಿ ತೊಳೆಯಲು ನೇರ ಬಾವಿಗೆ ಬಂದಿದ್ದನಂತೆ.

"ಅಮ್ಮಾ, ಊಟ ತುಂಬ ಚೆನ್ನಾಗಿತ್ತು. ಮಜ್ಜಿಗೆ ಮಾತ್ರ ಸ್ವಲ್ಪ ಹುಳಿ."

"ಅದು ಕಳ್ಳು ಮಾರಾಯ. ನಿನ್ನನ್ನು ಒಳಗೆ ಕರೆದದ್ದು ಯಾರು?"

"ನಿಮ್ಮನೆಯವರೇ ಇರಬೇಕು. ಈ ಹಿತ್ತಿಲ ಬಾಗಿಲು ತೆಗೆದು, 'ಬನ್ನಿ, ನನಗೆ ಬೇಡ, ನೀವು ಉಣ್ಣಿ' ಅಂದ್ರು. ಪಕ್ಕದಲ್ಲೇ ಕೂತಿದ್ರು. ತಲೆಯಿಂದ ನೀರು ಇಳೀತಾ ಇತ್ತು."

ದೀಪಾವಳಿ ದಿನ ಯಾರ ತಲೆ ಒದ್ದೆ ಇಲ್ಲ? ನಾನು ಅದನ್ನೇ ಹೇಳಿಕೊಂಡೆ. "ಎಂತ ಮಾತಾಡಿದ ಅವ?"

"ಬೇರೇನಿಲ್ಲ. ಹೊಳೆಯಲ್ಲಿ ನೀರು ಇಳಿದಿದೆಯಾ ಅಂತ ಕೇಳಿದ್ರು. ಇಳಿದಿದೆ ಅಂದೆ. ಹಾಗಾದರೆ ಹೋಗಬಹುದು ಅಂದ್ರು."

ಕಳ್ಳು ಕುಡಿದವನಿಗೆ ಯಾರು ಬೇಕಾದರೂ ಕಾಣುತ್ತಾರೆ. ಇವನು ಕುಡಿದದ್ದು ಅವ ಬಾಗಿಲು ತೆಗೆದು ಕರೆದ ಮೇಲೆ, ಅದು ಬೇರೆ ಮಾತು. ನಾನು ಅವನ ಕ್ಯಾರಿಯರಿಗೆ ಎರಡು ಸೇರು ಅಕ್ಕಿ ಕಟ್ಟಿ, "ಈ ಊಟದ ಸುದ್ದಿ ಜಗಲಿಯಲ್ಲಿ ಎತ್ತಿದರೆ ಎರಡೂ ಚಕ್ರದ ಗಾಳಿ ತೆಗೆದೇನು," ಎಂದೆ. ಅವನು ಸೈಕಲ್ ಹತ್ತಿದ. ಸಂಜೆಗೆ ಮೊದಲೇ ಅಜ್ಜಾವರಕ್ಕೆ ಒಪ್ಪಿಗೆ ಹೇಳಲು ಗಂಡನನ್ನು ಅಟ್ಟಿದೆ. ಅವರಿಗೂ ನಾನು ಏನೂ ಹೇಳಲಿಲ್ಲ.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಉಂಡದ್ದು ಸೈಕಲಿನವನು, ಚಿಲಕ ಮರೆತದ್ದು ನಾನು. ಮರೆತದ್ದು ನನಗೆ ನೆನಪಿಲ್ಲ, ಹಾಕಿದ್ದು ಮಾತ್ರ ನೆನಪುಂಟು. ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಹಿಡಿಸೂಡಿ ಹಿಡಿದು ಒಳಕೋಣೆ ಗುಡಿಸಲು ಹೋದೆ. ಹೊಸ್ತಿಲಲ್ಲಿ ನಿಂತು, ಯಾರಾದರೂ ಕೇಳಿಸಿಕೊಂಡಾರು ಎಂದು ಹಿಂದೆ ಮುಂದೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದೆ: "ಸೀನ, ಇನ್ನೂ ಹೊರಟಿಲ್ಲವಾದರೆ ಸ್ವಲ್ಪ ಕಾಲು ಎತ್ತು ಮಾರಾಯ, ಗುಡಿಸ್ಲಿಕ್ಕುಂಟು." ಎತ್ತುವಷ್ಟು ಹೊತ್ತು ಬಿಟ್ಟು ಗುಡಿಸಿದೆ.